ಒಂದು ‘ಯ’ ಕಡಿಮೆ

ಫೆಬ್ರವರಿ ೩

ಅಪ್ಪ,

ಈ ಕಾಗದವನ್ನು ಸೋದರಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನ ಲಾರಿ ವಾರಕ್ಕೊಮ್ಮೆ ರಾಜಧಾನಿಗೆ ಬರುತ್ತದಲ್ಲ, ಉತ್ತರವನ್ನೂ ಅವನಿಗೇ ಕೊಡು. ಅಂಚೆಗೆ ಹಾಕಬೇಡ. ಈಗ ಅಂಚೆಯವರು ಕಾಗದ ತಲುಪಿಸುವುದಕ್ಕಿಂತ ಓದುವುದೇ ಹೆಚ್ಚು.

ನಿನ್ನ ಅಳಿಯನನ್ನು ಹಿಡಿದುಕೊಂಡು ಹೋದರು.

ಅರಮನೆಯಲ್ಲಿ ಸುದ್ದಿ ನಿನ್ನ ಕಿವಿಗೂ ಬಿದ್ದಿರಬೇಕು. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಲ್ಲಿಯವರು ಏನು ಬಣ್ಣ ಕಟ್ಟಿದ್ದಾರೋ ಯಾರಿಗೆ ಗೊತ್ತು. ಪತ್ರಿಕೆಯಲ್ಲಿ ಪ್ರಭುಗಳ ಮಾತು ಬಂದಲ್ಲೆಲ್ಲ ಹಿಂದೆ ‘ಅಳಿಯದ’ ಎಂದು ಸೇರಿಸಲೇಬೇಕೆಂದು ಹುಕುಂ ಬಂದಿದೆಯಲ್ಲ. ಅಳಿಯದ ಪ್ರಭುಗಳು ಸೇತುವೆ ನೋಡಿದರು, ಅಳಿಯದ ಪ್ರಭುಗಳು ಸೀನಿದರು. ಇವರ ಪ್ರೆಸ್ಸಿನಲ್ಲಿ ದಪ್ಪ ಅಕ್ಷರದ ಅಚ್ಚುಮೊಳೆಗಳೇ ಕಡಿಮೆ, ಅದರಲ್ಲೂ ‘ಯ’ ಬೆರಳೆಣಿಕೆಯಷ್ಟು. ಆ ದಿನ ಮೊದಲ ಪುಟದ ತುಂಬ ಪ್ರಭುಗಳೇ. ಕೊನೆಯ ತಲೆಬರಹಕ್ಕೆ ಬರುವಷ್ಟರಲ್ಲಿ ‘ಯ’ಗಳ ಖಾನೆ ಖಾಲಿ. ಇವರು ಅಲ್ಲಿ ಜಾಗ ಬಿಟ್ಟು, ಪಕ್ಕದ ಪ್ರೆಸ್ಸಿನಿಂದ ಒಂದು ‘ಯ’ ಕಡ ತರಲು ಹೋದರು. ಅಷ್ಟರಲ್ಲಿ ಮೇಸ್ತ್ರಿ ಬಂದು, ಸಾಲು ಸಡಿಲವಾಗಿದೆ ಎಂದುಕೊಂಡು ಅಕ್ಷರಗಳನ್ನು ಒತ್ತರಿಸಿ, ಬಿಗಿ ಮಾಡಿ, ಯಂತ್ರಕ್ಕೆ ಏರಿಸಿಬಿಟ್ಟ.

ಬೆಳಿಗ್ಗೆ ಊರೆಲ್ಲ ಓದಿದ್ದು ಇದು: ‘ಅಳಿದ ಪ್ರಭುಗಳಿಂದ ಹೊಸ ಆಸ್ಪತ್ರೆ ಉದ್ಘಾಟನೆ.’

ನಗದೆ ಇರಲಾರದವರು ನಕ್ಕರು. ನಕ್ಕವರಲ್ಲಿ ಕೆಲವರು ಈಗ ಒಳಗಿದ್ದಾರೆ. ಮೇಸ್ತ್ರಿ ಮಾತ್ರ ಹೊರಗಿದ್ದಾನೆ, ‘ಜೋಡಿಸಿದವನು ಅವನು’ ಎಂದು ಬೆರಳು ತೋರಿಸಿ ಕೈ ತೊಳೆದುಕೊಂಡ. ಇವರ ಮೇಲೆ ರಾಜದ್ರೋಹ. ಒಂದು ಅಕ್ಷರಕ್ಕೆ ರಾಜದ್ರೋಹ, ಅಪ್ಪ!

ನೀನು ಆ ಪ್ರಭುವಿನ ಕೋಟು ಹೊಲಿಯುವವನು. ಇಡೀ ದೇಶದಲ್ಲಿ ಅವನ ಕೊರಳ ಸುತ್ತ ಟೇಪು ಹಾಕಿ ಜೀವಸಹಿತ ಹೊರಗೆ ಬರುವವನು ನೀನೊಬ್ಬನೇ. ಕೇಳು. ನಾಳೆಯೇ ಕೇಳು. ಮಗಳು ಬಾಯಿ ಬಿಟ್ಟು ಏನನ್ನೂ ಕೇಳುವವಳಲ್ಲ ಎಂದು ನಿನಗೇ ಗೊತ್ತು.

ನಿನ್ನ ಮಗಳು


ಫೆಬ್ರವರಿ ೧೯

ಗುಂಡುಸೂಜಿ,

ಕಾಗದ ಚುಚ್ಚಿತು. ನಿನಗೆ ಆ ಹೆಸರಿಟ್ಟವನು ನಾನೇ, ಅನುಭವಿಸಬೇಕು.

ಮೊದಲು ನಿನ್ನ ಗಂಡನಿಗೆ ಬೈಯುವುದನ್ನು ಮುಗಿಸುತ್ತೇನೆ. ಗುಂಡಿ ಸಿಗಲಿಲ್ಲವೆಂದು ನಾನು ಕೋಟನ್ನು ಎದೆ ತೆರೆದು ಬಿಟ್ಟು ಪಕ್ಕದ ಬೀದಿಗೆ ಹೋಗುತ್ತೇನೆಯೇ? ಯಾರಿಗಾದರೂ ಹೇಳಿ ಹೋಗಬಾರದಿತ್ತೇ? ಮೊಳೆ ಜೋಡಿಸುವ ಕೈಗೆ ಎಷ್ಟು ಚುರುಕೋ ತಲೆಗೆ ಅಷ್ಟೇ ಮಂಕು. ಬೈದಾಯಿತು. ಅವನು ಒಳ್ಳೆಯವನು ಎಂದು ನನಗೂ ಗೊತ್ತು, ಅದಕ್ಕೇ ಹೊಟ್ಟೆ ಉರಿಯುತ್ತದೆ.

ಕೇಳು ಕೇಳು ಎನ್ನುತ್ತೀಯ. ಆ ಕೋಣೆ ಹೇಗಿದೆ ಎಂದು ನಿನಗೇನು ಗೊತ್ತು? ಕನ್ನಡಿಗಳಿಗೆಲ್ಲ ಬಟ್ಟೆ ಹೊದಿಸಿದ್ದಾರೆ. ನಾನು ಅಳತೆ ತೆಗೆಯುವಾಗ ಯಾರೂ ಸಂಖ್ಯೆಯನ್ನು ಬಾಯಿ ಬಿಟ್ಟು ಹೇಳುವಂತಿಲ್ಲ. ನನ್ನ ಸಹಾಯಕ ಒಮ್ಮೆ ಅಭ್ಯಾಸ ಬಲದಿಂದ, ‘ಸೊಂಟ ಕಡಿಮೆಯಾಗಿದೆ’ ಎಂದುಬಿಟ್ಟ. ಮಾರನೆಯ ದಿನದಿಂದ ಅವನು ಕೆಲಸಕ್ಕಿಲ್ಲ. ‘ಕಡಿಮೆ’ ಎಂಬ ಮಾತೇ ಅರಮನೆಯಲ್ಲಿ ನಿಷಿದ್ಧ. ಈಗ ನಾನು ಟೇಪಿನ ಮೇಲೆ ಉಗುರಿಟ್ಟು ಗುರುತು ಹಿಡಿದುಕೊಂಡು ಹೊರಗೆ ಬರುತ್ತೇನೆ.

ಪ್ರಭು ಇಳಿಯುತ್ತಿದ್ದಾನೆ, ಮಗಳೇ. ಹೋದ ಚಳಿಗಾಲದ ಕೋಟು ಈಗ ಗೂಟಕ್ಕೆ ತೂಗುಹಾಕಿದ ಹಾಗಿದೆ. ಆದರೆ ಪಟ್ಟಕ್ಕೆ ಬಂದ ದಿನದ ಅಳತೆಯಲ್ಲೇ ಎಲ್ಲ ಕೋಟುಗಳೂ ಇರಬೇಕೆಂದು ಆಜ್ಞೆ. ‘ನಿನ್ನ ಬಟ್ಟೆ ಹಿಗ್ಗುತ್ತೆ ಕಣಯ್ಯ, ಒಳ್ಳೆ ಬಟ್ಟೆ ತರಿಸು’ ಎನ್ನುತ್ತಾನೆ. ನಾನು ‘ಹೂಂ ಪ್ರಭು’ ಎಂದು ಬಂದು, ಹೆಗಲಿಗೆ, ಎದೆಗೆ, ತೋಳಿಗೆ ಒಳಗಿನಿಂದ ಹತ್ತಿ ತುಂಬುತ್ತೇನೆ. ತಿಂಗಳು ತಿಂಗಳಿಗೂ ಮನುಷ್ಯ ಕಡಿಮೆ, ಹತ್ತಿ ಹೆಚ್ಚು.

ಇಂಥವನನ್ನು ಕೇಳುವುದಕ್ಕೆ ಒಂದು ಹೊತ್ತು ನೋಡಬೇಕು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಸ್ವಲ್ಪ ತಡೆದುಕೋ.

ನಿನ್ನಪ್ಪ


ಏಪ್ರಿಲ್ ೭

ಪ್ರಭುಗಳ ದರ್ಜಿಯವರಿಗೆ,

ನೀವು ಹೊತ್ತು ನೋಡುತ್ತಿದ್ದೀರಿ. ನೋಡುತ್ತಿರಿ.

ನಾನು ರಾಜಧಾನಿಯ ಜೈಲಿಗೆ ಬಂದಿದ್ದೆ, ನಿಮ್ಮಲ್ಲಿಗೆ ಬರಲಿಲ್ಲ. ಜಾಲರಿಯ ಆಚೆಯಿಂದ ಇವರು ಕೈ ತೋರಿಸಿದರು. ಎರಡು ಬೆರಳು ನೆಟ್ಟಗಾಗುವುದಿಲ್ಲ. ಮೊಳೆ ಹಿಡಿಯುವ ಬೆರಳು ಯಾವುದೆಂದು ಕೇಳಿ, ಅವನ್ನೇ ಆರಿಸಿ ಮುರಿದಿದ್ದಾರೆ. ‘ಬಿಡು, ಇನ್ನೊಂದು ಕೈ ಇದೆ’ ಅಂದರು. ನಾನು ಅಳಲಿಲ್ಲ. ಕಾವಲಿನವನು ನೋಡುತ್ತಿದ್ದ, ಅವನಿಗೆ ಆ ಸಂತೋಷ ಯಾಕೆ ಕೊಡಲಿ.

ಶಾಲೆಯಲ್ಲಿ ನನ್ನ ಕೆಲಸ ಹೋಯಿತು. ರಾಜದ್ರೋಹಿಯ ಹೆಂಡತಿ ಮಕ್ಕಳಿಗೆ ಅಕ್ಷರ ಕಲಿಸಬಾರದಂತೆ, ಎಲ್ಲಿ ಯಾವ ಅಕ್ಷರ ಬಿಟ್ಟುಬಿಡುತ್ತಾಳೋ ಎಂದು. ಈಗ ಸಾಬೂನಿನ ಕಾರ್ಖಾನೆಯಲ್ಲಿ ಸಾಬೂನಿಗೆ ಕಾಗದ ಸುತ್ತುತ್ತೇನೆ. ಕಾಗದದ ಮೇಲೆ ನಿಮ್ಮ ಪ್ರಭುಗಳದೇ ಮುಖ. ಮಡಿಕೆ ಸರಿಯಾಗಿ ಮೂಗಿನ ಮೇಲೆ ಬೀಳುತ್ತದೆ. ದಿನವಿಡೀ ಅವರ ಮೂಗು ಮುರಿಯುತ್ತೇನೆ, ಅಷ್ಟು ಸುಖ ಉಂಟು.

ನೀವು ಉಪ್ಪು ತಿಂದ ಮನೆಗೆ ಎರಡು ಬಗೆಯಲಾರಿರಿ, ನನಗೆ ಅರ್ಥವಾಗುತ್ತದೆ. ಹತ್ತಿ ತುಂಬುತ್ತಿರಿ. ಇನ್ನಷ್ಟು ತುಂಬಿ. ಸ್ವಲ್ಪ ಉಳಿದರೆ ನಿಮ್ಮ ಕಿವಿಗೂ ಇಟ್ಟುಕೊಳ್ಳಿ, ಮಗಳ ಮಾತು ಕೇಳಿಸದಿರಲಿ.

ಇತಿ,
ಒಬ್ಬ ಕೈದಿಯ ಹೆಂಡತಿ


ಮೇ ೨೨

ಗುಂಡುಸೂಜಿ,

ನನ್ನನ್ನು ‘ನೀವು’ ಅಂದೆ. ಕಾಗದದ ತುಂಬ ‘ನೀವು’. ಕೆನ್ನೆಗೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ನಿಮ್ಮಮ್ಮನೂ ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಬಹುವಚನಕ್ಕೆ ಏರುತ್ತಿದ್ದಳು.

ಕೇಳಿದೆ. ಓದು, ಓದಿ ತೃಪ್ತಿ ಪಡು.

ಹೊಸ ಕೋಟಿನ ಕಚ್ಚಾ ಹೊಲಿಗೆ ಹಾಕಿ, ಅವನಿಗೆ ತೊಡಿಸಿ ನೋಡುತ್ತಿದ್ದೆ. ಕಾರ್ಯದರ್ಶಿ, ಸೇನಾಪತಿ, ಇನ್ನೂ ಯಾರು ಯಾರೋ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಅವನು ಒಳ್ಳೆಯ ಮನಸ್ಸಿನಲ್ಲಿದ್ದ. ನಾನು ಕಾಲ ಬಳಿ ಕುಳಿತೇ ಹೇಳಿದೆ:

“ಪ್ರಭು, ಪ್ರೆಸ್ಸಿನ ಆ ಹುಡುಗ ಬೇಕಂತ ಮಾಡಿದ್ದಲ್ಲ. ಮೊಳೆ ಸಾಲದೆ ಆಗಿದ್ದು. ಅವನು ನನ್ನ ಮಗಳ ಗಂಡ.”

“ಯಾರು, ಆ ‘ಯ’ ಕಳ್ಳನಾ? ನಿನ್ನ ಅಳಿಯನಾ?” ಎಂದು ಕೇಳಿ ಅವನು ಗಹಗಹಿಸಿ ನಕ್ಕ. “ನೋಡ್ರಯ್ಯ, ಅಳಿಯ ಅನ್ನೋದ್ರಲ್ಲೇ ‘ಯ’ ಇದೆ! ಮಾವನ ಮನೆಗಾದ್ರೆ ಸಿಗುತ್ತೆ, ನನಗೆ ಬೇಕು ಅಂದಾಗ ಮಾತ್ರ ಸಿಗಲ್ಲ!”

ಗೋಡೆಗೆ ಅಂಟಿಕೊಂಡವರೆಲ್ಲ ನಕ್ಕರು. ನಾನೂ ಹಲ್ಲು ಕಿರಿದೆ, ಮಗಳೇ. ಅದನ್ನೂ ಬರೆದುಬಿಡುತ್ತೇನೆ.

“ಸರಿ, ಬಿಡೋಣ ಅವನನ್ನ” ಎಂದ. ನಾನು ಸೂಜಿ ಬಿಟ್ಟು ಕೈ ಮುಗಿದೆ. “ನಾನು ಅಳಿದ ದಿನ ಬಿಡಿ! ಅವತ್ತು ಅವನು ಅಚ್ಚು ಹಾಕಿದ್ದು ನಿಜ ಆಗುತ್ತಲ್ಲ, ತಪ್ಪೇ ಇರಲ್ಲ! ಕಾರ್ಯದರ್ಶಿ, ಬರ್ಕೋ. ಇದು ನನ್ನ ಮಾತು. ಪತ್ರಿಕೆಗೂ ಕೊಡು, ಜನ ನಗಲಿ. ನಾನು ನಗಿಸಲ್ಲ ಅಂತಾರೆ.”

ನಗುತ್ತ ನಗುತ್ತ ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಮೇಜಿನ ಅಂಚು ಹಿಡಿದುಕೊಂಡ. ಯಾರೂ ಹತ್ತಿರ ಹೋಗಲಿಲ್ಲ, ಹೋದರೆ ಅವನಿಗೆ ಕೆಮ್ಮು ಇದೆಯೆಂದು ಒಪ್ಪಿದ ಹಾಗಾಗುತ್ತದೆ. ವೈದ್ಯರೊಬ್ಬರು ಹಿಂದೆ ‘ಇದು ವಾಸಿಯಾಗುವ ಕಾಯಿಲೆಯಲ್ಲ’ ಎಂದಿದ್ದರು, ಅವರೀಗ ಎಲ್ಲಿದ್ದಾರೋ ಗೊತ್ತಿಲ್ಲ. ಉಸಿರು ಬಂದ ಮೇಲೆ ಅವನೇ ಎಂದ: “ಸಾವು ಹೆದರೋರ ಬಾಗಿಲಿಗೆ ಬರುತ್ತೆ. ನನ್ನ ಬಾಗಿಲಲ್ಲಿ ಕಾವಲಿದೆ.”

ಹೊರಗೆ ಬಂದು ಕತ್ತರಿಯನ್ನು ಎತ್ತಿ ಗೋಡೆಗೆ ಬೀಸಿದೆ. ಮೊನೆ ಮುರಿಯಿತು. ನಲವತ್ತು ವರ್ಷದಿಂದ ನನ್ನ ಜೊತೆಗಿದ್ದ ಕತ್ತರಿ.

ನಿನ್ನಪ್ಪ


ಜೂನ್ ೩೦

ಅಪ್ಪ,

ಪತ್ರಿಕೆಯಲ್ಲಿ ಓದಿದೆ. ಮೊದಲ ಪುಟದಲ್ಲೇ, ಚೌಕಟ್ಟು ಹಾಕಿ: ‘ಪ್ರಭುಗಳ ಹಾಸ್ಯಪ್ರಜ್ಞೆ.’ ನನ್ನ ಗಂಡನ ಬದುಕು ಅವರಿಗೆ ಚೌಕಟ್ಟಿನೊಳಗಿನ ಹಾಸ್ಯ. ಕಾರ್ಖಾನೆಯಲ್ಲಿ ಹೆಂಗಸರು ನನಗೆ ತೋರಿಸಬಾರದೆಂದು ಬಚ್ಚಿಟ್ಟಿದ್ದರು. ನಾನೇ ಕಿತ್ತುಕೊಂಡು ಓದಿದೆ. ಊರಿಗೆ ಊರೇ ಬಾಯಿಪಾಠ ಮಾಡಿಕೊಂಡಿದೆ. ತರಕಾರಿಯವನು ಕೂಡ ‘ನಾನು ಅಳಿದ ದಿನ ಸಾಲ ಕೊಡ್ತೀನಿ’ ಎನ್ನುತ್ತಾನೆ.

ಇವರಿಗೆ ಹೇಳಿದೆ. ನಕ್ಕರು, ಕೆಮ್ಮು ಬರುವಷ್ಟು ನಕ್ಕರು. ಇವರಿಗೂ ಕೆಮ್ಮು ಹತ್ತಿದೆ, ಅಪ್ಪ. ಗೋಡೆಯೆಲ್ಲ ಒದ್ದೆಯಂತೆ. ಅರಮನೆಯಲ್ಲಿ ಅವನು ಕೆಮ್ಮುತ್ತಾನೆ, ಜೈಲಿನಲ್ಲಿ ಇವರು ಕೆಮ್ಮುತ್ತಾರೆ. ಯಾರು ಮೊದಲು ಎಂದು ನಾನು ಕಾಯುತ್ತ ಕೂರಬೇಕು. ಒಬ್ಬ ಮನುಷ್ಯನ ಸಾವಿಗೆ ಬೆಳಿಗ್ಗೆ ಎದ್ದು ಕಾಯುವವಳನ್ನಾಗಿ ಮಾಡಿಬಿಟ್ಟನಲ್ಲ ನನ್ನನ್ನು! ಅದಕ್ಕೇ ಅವನನ್ನು ಎಂದೂ ಕ್ಷಮಿಸುವುದಿಲ್ಲ. ಬೆರಳಿಗಾದರೂ ಕ್ಷಮಿಸಿಯೇನು.

ನೀನು ಹಲ್ಲು ಕಿರಿದೆ ಎಂದು ಬರೆದೆ. ಬರೆಯದೆಯೂ ಇರಬಹುದಿತ್ತು. ಆ ಒಂದು ಸಾಲಿಗಾಗಿ ‘ನೀನು’ ಎನ್ನುತ್ತಿದ್ದೇನೆ.

ಒಂದೇ ಪ್ರಶ್ನೆ. ಸಂಖ್ಯೆ ಬೇಡ, ಮಾವನನ್ನು ತಡೆದು ಹುಡುಕಿದರೆ ಕಷ್ಟ. ಹತ್ತಿ ಇನ್ನೂ ಎಷ್ಟು ಬೇಕಾಗುತ್ತದೆ?

ನಿನ್ನ ಮಗಳು


ಆಗಸ್ಟ್ ೧೧

ಗುಂಡುಸೂಜಿ,

ಹತ್ತಿ ಇನ್ನು ಹೆಚ್ಚು ಬೇಕಾಗುವುದಿಲ್ಲ.

ಮುಂದಿನ ತಿಂಗಳು ಅವನು ಪಟ್ಟಕ್ಕೆ ಬಂದ ದಿನ. ಪ್ರತಿ ವರ್ಷದಂತೆ ಬಿಸಿಲುಮಚ್ಚಿನಿಂದ ಚೌಕದ ಜನರಿಗೆ ಕೈಬೀಸಬೇಕು, ಅದಕ್ಕೆ ಹೊಸ ಕೋಟು. ನನ್ನನ್ನು ಕರೆಸಿದರು. ಮಂಚದ ಮೇಲಿದ್ದ. ಮೈ ಎನ್ನುವುದು ಹೊದಿಕೆಯಲ್ಲಿ ಬಿದ್ದ ಒಂದು ಸುಕ್ಕಿನಷ್ಟಿತ್ತು.

“ಅಳತೆ ತಗೋ.”

“ಸ್ವಲ್ಪ ಎದ್ದು ನಿಂತರೆ, ಪ್ರಭು...”

“ಮಲಗಿದ್ದಂಗೇ ತಗೋ.”

“ಮಲಗಿದವರ ಅಳತೆ ತಗೊಳ್ಳೋದು ನಮ್ಮ ಕಸುಬಲ್ಲಿ ಇಲ್ಲ, ಪ್ರಭು. ಅದು ಬೇರೆಯವರಿಗೆ.”

“ಬೇರೆ ಅಂದ್ರೆ?”

ನಾನು ಟೇಪು ಸುತ್ತತೊಡಗಿದೆ. ಅವನಿಗೆ ಅರ್ಥವಾಯಿತು. ನಿನಗೂ ಅರ್ಥವಾಗಬೇಕು, ನಿನ್ನ ತಾತ ಜಗಲಿಯಲ್ಲಿ ನಿನ್ನ ಕೈಗೆ ಸೂಜಿ ಕೊಟ್ಟು ಮೊದಲು ಹೇಳಿದ್ದೇ ಅದು. ಬದುಕಿದವರಿಗೆ ನಿಲ್ಲಿಸಿ ಅಳತೆ, ದಾರದ ಕೊನೆಗೆ ಗಂಟು. ಹೋದವರಿಗೆ ಮಲಗಿಸಿ ಅಳತೆ, ದಾರಕ್ಕೆ ಗಂಟಿಲ್ಲ. ಹೋಗುವವರನ್ನು ಕಟ್ಟಿಹಾಕಬಾರದು ಎನ್ನುತ್ತಿದ್ದರು. ನೀನು ಗೊಂಬೆಯ ಅಂಗಿಗೆ ಗಂಟು ಹಾಕದೆ ಹೊಲಿದು, ಅದು ಬಿಚ್ಚಿಕೊಂಡಾಗ ‘ನನ್ನ ಗೊಂಬೆ ಸತ್ತೋಯ್ತು’ ಎಂದು ಬೀದಿಯೆಲ್ಲ ಅತ್ತಿದ್ದೆ.

ಅವನು ಕಾರ್ಯದರ್ಶಿಯ ಕಡೆ ತಿರುಗಿ, “ಆ ನಿಯಮ ಇವತ್ತಿಂದ ರದ್ದು. ಬರ್ಕೋ” ಎಂದ. ಕಾರ್ಯದರ್ಶಿ ಬರೆದುಕೊಂಡ! ಗಂಭೀರವಾಗಿ, ತಲೆ ತಗ್ಗಿಸಿ. ಸಾವಿನ ಬಾಗಿಲಲ್ಲಿ ಮಲಗಿಕೊಂಡು ಸಾವಿಗೇ ಹುಕುಂ ಹೊರಡಿಸುತ್ತಾನೆ, ಇವನು ಅದಕ್ಕೆ ಮೊಹರು ಒತ್ತುತ್ತಾನೆ. ತಾನೊಂದು ಬಗೆದರೆ ದೈವವೊಂದು ಬಗೆಯುತ್ತದೆ ಎಂದು ಹಸುಗೂಸಿಗೂ ಗೊತ್ತು. ಅಲ್ಲಿದ್ದ ಒಬ್ಬನಿಗೂ ಗೊತ್ತಿಲ್ಲ.

ಅಳತೆ ತೆಗೆದೆ. ಎದೆಯ ಸುತ್ತ ಟೇಪು ಎಳೆಯುವಾಗ ನನ್ನ ಮಣಿಕಟ್ಟು ಹಿಡಿದುಕೊಂಡ. ಬೇರೆಯವರಿಗೆ ಕೇಳಿಸದ ಹಾಗೆ ಕೇಳಿದ: “ಎಷ್ಟಿದೆ?”

ಇಷ್ಟು ದಿನದಲ್ಲಿ ಅವನು ಕೇಳಿದ್ದು ಅದೊಂದೇ ಸಲ. ಕಣ್ಣಲ್ಲಿ ಭಯವಿತ್ತು. ನನಗೆ ಕನಿಕರ ಬರಬೇಕಿತ್ತು, ಬರಲಿಲ್ಲ. ಆ ಎರಡು ಬೆರಳು ನೆನಪಾದವು.

“ಹೇಳಬಾರದು ಅಂತ ತಮ್ಮದೇ ಅಪ್ಪಣೆ, ಪ್ರಭು” ಎಂದೆ.

ನಿನ್ನಪ್ಪ


ಸೆಪ್ಟೆಂಬರ್ ೧

ಮಗಳೇ,

ಹೋದ. ಇವತ್ತು ಬೆಳಿಗ್ಗೆ.

ಹಾರಬೇಡ, ಪೂರ್ತಿ ಓದು. ಕಾರ್ಯದರ್ಶಿ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದ. “ಪ್ರಭುಗಳು ಅಳಿಯೋದಿಲ್ಲ. ಗೊತ್ತಲ್ಲ?” ಎಂದ. ನಾಡಿದ್ದು ಬಿಸಿಲುಮಚ್ಚಿನಲ್ಲಿ ಹೆಣವನ್ನು ಕುರ್ಚಿಯಲ್ಲಿ ಕೂರಿಸುತ್ತಾರಂತೆ. ಹಿಂದೆ ಒಬ್ಬ ಬಗ್ಗಿ ನಿಂತು ತೋಳೆತ್ತಿ ಜನರತ್ತ ಬೀಸಿಸುತ್ತಾನಂತೆ. ಪಕ್ಕದಲ್ಲಿ ಈ ಕಾರ್ಯದರ್ಶಿ ನಿಂತು, ಪ್ರಭುಗಳು ತನ್ನನ್ನೇ ಉತ್ತರಾಧಿಕಾರಿ ಮಾಡಿದ್ದಾರೆಂದು ಓದಿ ಹೇಳುತ್ತಾನಂತೆ. ಸತ್ತ ಸುದ್ದಿಯನ್ನು ಆಮೇಲೆ ಯಾವಾಗಲೋ, ಇವನಿಗೆ ಅನುಕೂಲವಾದಾಗ. ಅಥವಾ ಯಾವಾಗಲೂ ಇಲ್ಲ.

ನಾನು ಕೇಳಿದೆ: “ಪ್ರಭುಗಳು ಅಳಿದ ದಿನ ನನ್ನ ಅಳಿಯನನ್ನ ಬಿಡಬೇಕು ಅಂತ ಮಾತಾಗಿತ್ತು. ತಾವೇ ಬರ್ಕೊಂಡಿದ್ರಿ.”

“ಅಳಿದರೆ ತಾನೇ?” ಎಂದ. ನಗಲೂ ಇಲ್ಲ. ಸತ್ತವನಾದರೂ ನಗುತ್ತಿದ್ದ.

ಅಲ್ಲೇ ಈ ಕಾರ್ಯದರ್ಶಿಯ ಕುತ್ತಿಗೆ ಹಿಸುಕಬೇಕೆನ್ನಿಸಿತು. ಸತ್ತವನನ್ನು ಸಾಯಲೂ ಬಿಡುವುದಿಲ್ಲ, ಬದುಕಿದವನನ್ನು ಬದುಕಲೂ ಬಿಡುವುದಿಲ್ಲ! ಜೀವಮಾನವಿಡೀ ಇವರ ಮೈ ಮುಚ್ಚುವ ಕೆಲಸ ಮಾಡಿದೆನಲ್ಲ ಎಂದು ನನ್ನ ಕೈಗಳ ಮೇಲೇ ನನಗೆ ಅಸಹ್ಯವಾಯಿತು.

ಕೋಟನ್ನು ಬೇಗ ಮುಗಿಸು ಎಂದು ಎದುರಿಗೇ ಕಾವಲು ಕೂರಿಸಿದ್ದಾರೆ, ಅವನು ತೂಕಡಿಸಿದಾಗ ಇದನ್ನು ಗೀಚುತ್ತಿದ್ದೇನೆ. ಹತ್ತಿ ದಪ್ಪವಿರುವುದರಿಂದ ಎಲ್ಲ ಕೈಹೊಲಿಗೆಯೇ. ಹೊಲಿಯುತ್ತಿದ್ದೇನೆ. ನಿನ್ನ ತಾತ ಹೇಳಿಕೊಟ್ಟ ಹಾಗೆಯೇ ಹೊಲಿಯುತ್ತಿದ್ದೇನೆ, ಒಂದು ನೂಲಿನಷ್ಟೂ ತಪ್ಪಿಲ್ಲದೆ. ನಿಯಮವನ್ನು ರದ್ದು ಮಾಡಿದವನು ಈಗ ಇಲ್ಲ.

ಚೌಕಕ್ಕೆ ಬರಬೇಡ. ಬರದೆ ಇರುವವಳಲ್ಲ ನೀನು. ಬಂದರೆ ಮುಂದೆ ನಿಲ್ಲಬೇಡ. ಇನ್ನು ಮೇಲೆ ಮಾವನ ಕೈಗೆ ನನ್ನ ಕಾಗದ ಸಿಗದಿದ್ದರೆ ಅವನ ಮೇಲೆ ಹಾರಿಬೀಳಬೇಡ.

ನಿನ್ನಪ್ಪ


ನವೆಂಬರ್ ೧೬

ಅಪ್ಪ,

ನಿನಗೆ ಕಾಗದ ಕೊಡುವುದಿಲ್ಲವಂತೆ, ನಿನ್ನಿಂದ ಪಡೆಯುವುದೂ ಇಲ್ಲವಂತೆ. ಆದರೆ ಜೈಲಿಗೆ ಸಾಬೂನು ಹೋಗುವುದು ನಮ್ಮ ಕಾರ್ಖಾನೆಯಿಂದ. ನಿನ್ನ ಕೋಣೆಗಳ ಸಾಲಿಗೆ ಹಂಚುವವನು ಮೇಸ್ತ್ರಿಯ ತಮ್ಮ. ಅಣ್ಣ ಮಾಡಿದ್ದಕ್ಕೆ ಅವನಿಗೆ ನಮ್ಮ ಮುಖ ನೋಡಲು ಆಗುವುದಿಲ್ಲ, ಆದ್ದರಿಂದ ಹೇಳಿದ ಕೆಲಸ ಮಾಡುತ್ತಾನೆ. ಹೊದಿಕೆಯ ಒಳಮೈಯಲ್ಲಿ ಸಣ್ಣಕ್ಷರದಲ್ಲಿ ಬರೆಯುತ್ತಿದ್ದೇನೆ, ಓದಿ ನುಂಗಿಬಿಡು. ರುಚಿ ಇರುವುದಿಲ್ಲ.

ನಾನು ಚೌಕಕ್ಕೆ ಬಂದಿದ್ದೆ. ಮುಂದೆಯೇ ನಿಂತಿದ್ದೆ.

ನಿನಗೆ ಅದನ್ನು ನೋಡಲು ಬಿಡಲಿಲ್ಲವಲ್ಲ, ಕೇಳು. ಎಷ್ಟು ಚೆನ್ನಾಗಿತ್ತಪ್ಪ ಆ ಕೋಟು! ಅಗಲ ಹೆಗಲು, ಉಬ್ಬಿದ ಎದೆ. ಜನ ಒಂದು ಗಳಿಗೆ ನಂಬಿಯೂ ಬಿಟ್ಟರು. ಕಾರ್ಯದರ್ಶಿ ಓದುತ್ತಿದ್ದ. ಹಿಂದಿನಿಂದ ಯಾರೋ ಬಲತೋಳನ್ನು ಎತ್ತಿದರು. ಒಂದು ಸಲ ಬೀಸಿತು. ಎರಡನೆಯ ಸಲ ಬೀಸುವಾಗ ಹೆಗಲಿನ ಹೊಲಿಗೆ ಸರ್ರನೆ ಬಿಟ್ಟುಕೊಂಡಿತು. ಕೋಟಿನ ತೋಳಿಗೆ ತೋಳೇ ಜಾರಿ ಬಿಸಿಲುಮಚ್ಚಿನ ಕಟಾಂಜನದ ಮೇಲೆ ಬಿತ್ತು. ಎತ್ತಿಕೊಳ್ಳಲು ಕಾರ್ಯದರ್ಶಿ ಬಗ್ಗಿದ, ಅವನ ಮೊಣಕೈ ತಗುಲಿ ಎದೆಯ ಹೊಲಿಗೆಯೂ ಬಿಚ್ಚಿತು. ಹತ್ತಿ ಹೊರಬಂತು. ಬರುತ್ತಲೇ ಇತ್ತು. ಗಾಳಿಗೆ ಹಾರಿ ಜನರ ತಲೆಯ ಮೇಲೆಲ್ಲ ಬಿತ್ತು. ಹತ್ತಿಯೆಲ್ಲ ಹೋದ ಮೇಲೆ ಕುರ್ಚಿಯಲ್ಲಿ ಒಂದು ಕಡ್ಡಿಯಂಥ ಹೆಣ ಉಳಿಯಿತು, ಬಾಯಿ ತೆರೆದುಕೊಂಡು.

ಆಮೇಲೆ ನನ್ನ ಪಕ್ಕದ ಮುದುಕಿಯೊಬ್ಬಳು, ಮಾಮೂಲಿ ಮಾತು ಹೇಳುವ ಹಾಗೆ, “ಅಳಿದ” ಎಂದಳು. ಅಷ್ಟೇ. ಆ ಮಾತು ಬಾಯಿಂದ ಬಾಯಿಗೆ ಹೋಯಿತು. ಅಳಿದ, ಅಳಿದ. ಇವರ ಬೆರಳು ಮುರಿದ ಅದೇ ತಲೆಬರಹವನ್ನು ಇಡೀ ಚೌಕ ಓದುತ್ತಿತ್ತು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ, ಗಂಟಲು ಹರಿಯುವಷ್ಟು ಕಿರುಚಿದೆ.

ಅಲ್ಲಿಂದ ಜನ ನೇರವಾಗಿ ಜೈಲಿಗೆ ನುಗ್ಗಿದರು. ಆ ಹಾಸ್ಯವನ್ನು ಬಾಯಿಪಾಠ ಮಾಡಿದ್ದರಲ್ಲ! “ಅಳಿದ ದಿನ ಬಿಡಿ ಅಂದಿದ್ದಾನೆ, ಬಿಡ್ರೋ!” ಎಂದು ಬಾಗಿಲು ಬಡಿದರು. ಅಧಿಕಾರಿಗೆ ಈಗ ದೇಶ ಯಾರದ್ದೆಂದು ಗೊತ್ತಾಗಲಿಲ್ಲ. ಸತ್ತವನ ಮಾತು ಮೀರುವುದೋ ಬದುಕಿದವರ ಏಟು ತಿನ್ನುವುದೋ ಎಂದು ಯೋಚಿಸಿ ಬೀಗ ತೆಗೆದ. ಇವರು ಹೊರಗೆ ಬಂದರು. ಮಾವ ಲಾರಿಯಲ್ಲಿ ಕೂರಿಸಿಕೊಂಡು ಬಂದ. ಕೆಮ್ಮು ಇನ್ನೂ ಇದೆ, ಮೊದಲಿನಷ್ಟಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು ಎಂದು ನೀನು ಅಂದುಕೊಳ್ಳಬಹುದು. ಮುಗಿಯಲಿಲ್ಲ. ವಾರದೊಳಗೆ ಸೇನಾಪತಿಯನ್ನು ಜೊತೆಗೆ ಹಾಕಿಕೊಂಡು ಕಾರ್ಯದರ್ಶಿಯೇ ಪಟ್ಟಕ್ಕೆ ಬಂದ. ಜನ ಮನೆಗೆ ಹೋದರು, ಒಲೆ ಹೊತ್ತಿಸಬೇಕಲ್ಲ. ನಿನ್ನ ಮೇಲೆ ಹಾಕಿರುವ ಆರೋಪ ಓದಿದೆ: ‘ರಾಜವಸ್ತ್ರ ಹಾಳು ಮಾಡಿದ್ದು.’ ಓದಿದಾಗ ಪತ್ರಿಕೆಯನ್ನು ಹರಿದು ಹಾಕಿದೆ. ನಿನ್ನ ಜೀವಮಾನದಲ್ಲೇ ನೀನು ಅಷ್ಟು ಸರಿಯಾಗಿ ಒಂದು ಬಟ್ಟೆ ಹೊಲಿದಿರಲಿಲ್ಲ! ಎಷ್ಟು ವರ್ಷ ಎಂದು ಹೇಳಿಲ್ಲ, ‘ಎಂದೆಂದಿಗೂ’ ಎಂದಿದ್ದಾನೆ. ಹಾಸ್ಯ ಮಾಡಿಲ್ಲ. ಅಷ್ಟು ಕಲಿತಿದ್ದಾನೆ. ಕಲಿಯಬೇಕಾದ್ದನ್ನು ಮಾತ್ರ ಕಲಿತಿಲ್ಲ, ಯಾಕೆಂದರೆ ಅವನ ಮೊದಲ ಹುಕುಮ್ಮೇ ಇದು: ತನ್ನ ಹೆಸರಿನ ಹಿಂದೆಯೂ ‘ಅಳಿಯದ’ ಎಂದು ಅಚ್ಚು ಹಾಕಬೇಕು.

ಮೊಳೆ ಜೋಡಿಸಲು ಇವರನ್ನೇ ಕರೆಸಿದ್ದರು. ಎಡಗೈಯಲ್ಲಿ ಜೋಡಿಸುವುದನ್ನು ಕಲಿಯುತ್ತಿದ್ದಾರೆ. ಹೋದರು, ಹೋಗದೆ ಉಪಾಯವಿರಲಿಲ್ಲ. ನೋಡಿದರೆ ಖಾನೆಯಲ್ಲಿ ದಪ್ಪ ‘ಯ’ ಒಂದೂ ಇಲ್ಲ. ಪಕ್ಕದ ಪ್ರೆಸ್ಸಿನಲ್ಲಿಯೂ ಇಲ್ಲ. ಊರಿನ ಯಾವ ಪ್ರೆಸ್ಸಿನಲ್ಲಿಯೂ ಇಲ್ಲ. ಎಲ್ಲಿ ಹೋದವೆಂದು ಮೊಳೆ ಜೋಡಿಸುವವರಿಗೆ ಗೊತ್ತಿಲ್ಲವಂತೆ, ಅವರ ಹೆಂಡತಿಯರಿಗಂತೂ ಗೊತ್ತೇ ಇಲ್ಲ. ‘ಅಳಿದ’ ಎಂದು ಅಚ್ಚು ಹಾಕಲು ಯಾರಿಗೆ ಧೈರ್ಯ? ಆದ್ದರಿಂದ ಈಗ ಅವನ ಹೆಸರಿನ ಹಿಂದೆ ಖಾಲಿ ಜಾಗ ಬಿಡುತ್ತಾರೆ. ಜನ ಬೆಳಿಗ್ಗೆ ಎದ್ದು ಮೊದಲು ಅದನ್ನೇ ಓದುತ್ತಾರೆ.

ನನ್ನ ಸಿಟ್ಟು ಇಳಿದಿಲ್ಲ, ಅಪ್ಪ. ಒಬ್ಬರನ್ನು ಬಿಡಿ ಎಂದು ಕೇಳಿದರೆ ಇನ್ನೊಬ್ಬರನ್ನು ಕಿತ್ತುಕೊಂಡು ಕೊಟ್ಟರು, ಇದ್ಯಾವ ಲೆಕ್ಕ? ಕಿವಿಗೆ ಹತ್ತಿ ಇಟ್ಟುಕೋ ಎಂದು ನಿನಗೆ ಬರೆದಿದ್ದೆ. ಆ ಕಾಗದ ಇನ್ನೂ ನಿನ್ನ ಬಳಿ ಇದ್ದರೆ ಹರಿದು ಹಾಕು.

ಈ ಸಾಬೂನನ್ನು ಯಾರಿಗೂ ಕೊಡಬೇಡ. ನೀನೇ ಬಳಸು, ಕೈಯೆಲ್ಲ ತಿಕ್ಕಿ ಬಳಸು. ಅದು ಸವೆದು ತೆಳ್ಳಗಾದಾಗ ಬೆರಳಿಗೆ ಗಟ್ಟಿಯಾದ್ದೇನೋ ತಗಲುತ್ತದೆ. ಸೀಸದ ಮೊಳೆ. ಜೋಪಾನವಾಗಿ ಇಟ್ಟುಕೊಂಡು, ಬರುವಾಗ ನೀನೇ ತರಬೇಕು. ‘ಅಳಿಯ’ ಎಂದು ಬರೆಯಲು ನಮ್ಮ ಮನೆಯಲ್ಲಿ ಇದ್ದದ್ದು ಅದೊಂದೇ.

ನಿನ್ನ
ಗುಂಡುಸೂಜಿ